ಸಂಡಿಗೆಗೆ ಇಟ್ಟ ಭಾರ

ಮೊನ್ನೆ ಶನಿವಾರ ಇಳಾ ಕುಂಚ ಒರೆಸಲು ಹಳೆಯ ಬಟ್ಟೆ ಬೇಕೆಂದು ನನ್ನ ಸೂಟ್‌ಕೇಸು ತೆಗೆದಳು. ಎಲ್ಲಕ್ಕಿಂತ ಅಡಿಯಲ್ಲಿದ್ದ ನಿಮ್ಮ ತಾತನ ಪಂಚೆಯನ್ನು ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಒಂದು ಮೂಲೆಯಲ್ಲಿ ಅಂಗೈ ಅಗಲದ ನೀಲಿ ಕಲೆ. "ವಾಟ್ಸ್ ದಿಸ್ ಬ್ಲೂ, ಅಜ್ಜಿ?" ಎಂದಳು. "ಏನೋ ಕಲೆ ಕಣೆ, ಕೊಡಿಲ್ಲಿ" ಎಂದು ಕಿತ್ತುಕೊಂಡು ಅವಳ ಕೈಗೆ ನನ್ನದೊಂದು ಹಳೆಯ ರವಿಕೆ ಕೊಟ್ಟು ಕಳಿಸಿದೆ. ಅದೇ ಹೊತ್ತಿಗೆ ತೇಜು ಅಡುಗೆಮನೆಯಲ್ಲಿ ಡಬ್ಬಿಗಳನ್ನೆಲ್ಲ ಅಲ್ಲಾಡಿಸಿ ನೋಡುತ್ತಿದ್ದ. "ಅಜ್ಜಿ, ವೈ ಡೋಂಟ್ ಯು ಮೇಕ್ ಸಂಡಿಗೆ ಎನಿಮೋರ್?" ಎಂದು ಅಲ್ಲಿಂದಲೇ ಕೂಗಿದ. "ಇಲ್ಲೆಲ್ಲಿ ಬಿಸಿಲೋ ಮಗಾ" ಎಂದೆ. ಹೊರಗೆ ಕಣ್ಣು ಬಿಡಲಾಗದಷ್ಟು ಬಿಸಿಲಿತ್ತು.

ಎರಡು ಪ್ರಶ್ನೆಗೂ ಉತ್ತರ ಒಂದೇ. ನಾನು ಕೊಟ್ಟದ್ದು ಎರಡು ಸುಳ್ಳು.

ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಮಂಡಿನೋವೆಂದು ಜಿಪಿ ಡಾಕ್ಟರ ಹತ್ತಿರ ಹೋಗಿ, ಅವರು ಹೇಗಿದ್ದೀರಿ ಎಂದ ಕೂಡಲೇ "ಫೈನ್, ಫೈನ್" ಎಂದು ಮಂಡಿಯ ಮಾತೇ ಎತ್ತದೆ ಎದ್ದು ಬಂದವಳು ನಾನು. ಅದಕ್ಕೇ ನಿಮ್ಮಿಬ್ಬರಿಗೂ ಬರೆಯುತ್ತಿದ್ದೇನೆ, ಇಳಾ, ತೇಜು. ಕನ್ನಡ ಓದಲು ನೀವು ತಡವರಿಸುತ್ತೀರಿ, ನಿಮ್ಮಮ್ಮ ಓದಿ ಹೇಳಲಿ. ಅವಳಿಗೆ ಈ ಕತೆ ಗೊತ್ತು. ಸುಧಾ, ಅಮ್ಮ ಎಂಬ ಮರುಕಕ್ಕೆ ಒಂದು ಸಾಲನ್ನೂ ಹಾರಿಸಬೇಡ.

ನಮ್ಮೂರು ತಿಪಟೂರಿನ ಹತ್ತಿರ. ಶಾಲೆ ಎಂದರೆ ಒಂದೇ ಕೋಣೆ; ನನ್ನ ಓದು ಏಳನೇ ತರಗತಿಗೆ ಮುಗಿಯಿತು. ಆದರೆ ಓದಿನ ಮೇಲಿನ ಭಕ್ತಿ ಮುಗಿಯಲಿಲ್ಲ. ಕಾಗದಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಪುಸ್ತಕವನ್ನು ನೆಲದ ಮೇಲೆ ಇಡಬಾರದು, ತಲೆದಿಂಬು ಮಾಡಬಾರದು. ಇದನ್ನೆಲ್ಲ ನಿಮಗೂ ಹೇಳಿ ಹೇಳಿ ಬೇಸರ ತರಿಸಿದ್ದೇನೆ. ಕಡಲೆಕಾಯಿ ಕಟ್ಟಿ ಕೊಟ್ಟ ಕಾಗದವನ್ನೂ ನಾನು ಬಿಡಿಸಿ ಓದಿಯೇ ಎಸೆಯುತ್ತಿದ್ದೆ. ಇನ್ನು ನಿಮ್ಮ ತಾತ ಪೋಸ್ಟ್‌ಮ್ಯಾನ್. ಮಳೆ ಹಿಡಿದರೆ ಕಾಗದದ ಕಟ್ಟನ್ನು ಅಂಗಿಯೊಳಗೆ ಸೇರಿಸಿ, ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡು, ತಾವು ತೊಪ್ಪೆಯಾಗಿ ಮನೆಗೆ ಬರುತ್ತಿದ್ದರು. ನಾನು ಬೈದರೆ, "ನಾನು ನೆಂದ್ರೆ ಒಣಗ್ತೀನಿ ಕಣೆ. ಕಾಗದ ನೆಂದ್ರೆ ಯಾರದೋ ಮಾತು ಹೋಯ್ತದೆ" ಎನ್ನುತ್ತಿದ್ದರು. ಆ ಮನುಷ್ಯನ ಪಂಚೆ ಅದು. ಅದರ ಮೇಲೇ ಆ ಕಲೆ ಬೀಳಬೇಕಿತ್ತೆ?

ಪಕ್ಕದ ಮನೆಯ ಬೀ ಹಲೀಮಾ ನಿಮಗೆ ಗೊತ್ತು. ಏಲಕ್ಕಿ ಹಾಕಿ ಎಣ್ಣೆಯಲ್ಲಿ ಕರಿದ ಆ ಉಬ್ಬಿದ ಮಂಡಾಜಿಗಳನ್ನು ಬೇಲಿಯ ಮೇಲಿಂದ ನಿಮ್ಮ ಕೈಗೆ ಕೊಡುವವರು. ಕೆನ್ಯಾದ ಕರಾವಳಿಯ ಒಂದು ಸಣ್ಣ ದ್ವೀಪ ಅವರ ಊರು. ಇಲ್ಲಿ ಲಂಡನ್ನಿನ ಹೇಸ್‌ನಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಬೀ ಎಂಬುದು ಅವರ ಕಡೆ ಹಿರಿಯ ಹೆಂಗಸರಿಗೆ ಸಲ್ಲುವ ಮರ್ಯಾದೆಯ ಮಾತು. ನನ್ನನ್ನು ಅವರು ದಾದಾ ಎಂದು ಕರೆಯುತ್ತಾರೆ. ಅವರಲ್ಲಿ ಅದು ಅಕ್ಕತಂಗಿಯರನ್ನು ಕರೆಯುವ ಮಾತಂತೆ. ಮೊದಲ ಸಲ ಕೇಳಿದಾಗ, ಇವರ ಕಣ್ಣಿಗೆ ನಾನು ಯಾವ ರೌಡಿಯಂತೆ ಕಂಡೆನೋ ಎಂದುಕೊಂಡಿದ್ದೆ.

ಆದರೆ ನಿಮಗೆ ಗೊತ್ತಿಲ್ಲದ ಒಂದು ಮಾತಿದೆ. ತಾತ ಹೋದ ಮೇಲೆ ನಾನು ಈ ಮನೆಗೆ ಬಂದ ಹೊಸತರಲ್ಲಿ, ಅವರು ಎದುರಿಗೆ ಬಂದರೆ ಇಳಾಳ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ. "ಅವರ ಜೊತೆ ಹೆಚ್ಚು ಬಳಕೆ ಬೇಡ ಕಣೇ" ಎಂದು ನಿಮ್ಮಮ್ಮನಿಗೂ ಹೇಳಿದ್ದೆ. ಅವರು ನನಗೇನೂ ಮಾಡಿರಲಿಲ್ಲ. ಕಪ್ಪಗಿದ್ದರು, ಅಷ್ಟೆ. ನಾನೇನು ಬೆಳ್ಳಗಿದ್ದೆನೆ? ನನ್ನನ್ನು ನೋಡಲು ಬಂದ ಮೂರು ಗಂಡುಗಳು ಹುಡುಗಿ ಕಪ್ಪು ಎಂದು ಉಪ್ಪಿಟ್ಟು ತಿಂದು ಎದ್ದು ಹೋಗಿದ್ದವು.

ನಮ್ಮಿಬ್ಬರನ್ನು ಹತ್ತಿರ ತಂದದ್ದು ತೆಂಗಿನಕಾಯಿ. ಒಂದು ಬೆಳಿಗ್ಗೆ ಬೇಲಿಯ ಆಚೆಯಿಂದ ಕರಕರ ಸದ್ದು ಕೇಳಿತು. ತಿಪಟೂರು ಸೀಮೆಯವಳಿಗೆ ಆ ಸದ್ದು ನಿದ್ದೆಯಲ್ಲೂ ತಪ್ಪುವುದಿಲ್ಲ. ಇಣುಕಿ ನೋಡಿದರೆ ಬೀ ಹಲೀಮಾ ಕುಳ್ಳು ಮಣೆಯ ಮೇಲೆ ಕೂತಿದ್ದರು. ಮಣೆಯ ತುದಿಗೆ ಹಲ್ಲುಹಲ್ಲಿನ ಕಬ್ಬಿಣದ ನಾಲಿಗೆ. ಎರಡೂ ಕೈಯಲ್ಲಿ ಹೋಳು ಹಿಡಿದು ತಿರುಗಿಸುತ್ತಿದ್ದರು. ಅಚ್ಚು ನಮ್ಮ ತುರಿಮಣೆ! ನಾನು ನಾಚಿಕೆ ಮರೆತು ಕನ್ನಡದಲ್ಲೇ "ಅಯ್ಯೋ, ಇದು ನಮ್ಮದು!" ಎಂದು ಕೂಗಿಬಿಟ್ಟೆ. ಅವರಿಗೆ ಏನು ಅರ್ಥವಾಯಿತೋ, ಮಣೆಯನ್ನು ಹಿಂದಕ್ಕೆ ಎಳೆದುಕೊಂಡು ನಕ್ಕರು. ಅಂದಿನಿಂದ ನಮ್ಮ ಬೇಲಿಮಾತು ಶುರುವಾಯಿತು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಅವರದು ನನಗಿಂತ ಎಷ್ಟೋ ವಾಸಿ. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೂರು ವರ್ಷದ ಹಿಂದಿನ ಬೇಸಿಗೆ. ಅವರ ಮಹಡಿಯ ಚಾವಣಿ ಬಿಚ್ಚಿ ಹೊಸದು ಹಾಕುವ ಕೆಲಸ ಹಿಡಿದಿತ್ತು. ಒಂದು ರಟ್ಟಿನ ಪೆಟ್ಟಿಗೆಯನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಬಂದರು.

"ನಮ್ಮಪ್ಪನ ಪುಸ್ತಕ, ದಾದಾ. ಅಲ್ಲಿ ಧೂಳು, ಕೆಲಸದವರು ತುಳೀತಾರೆ. ಎರಡು ವಾರ ಇಟ್ಟುಕೊಂಡಿರು. ನಿನ್ನ ಮನೇಲಾದರೆ ನನಗೆ ಚಿಂತೆ ಇಲ್ಲ."

"ಆಯ್ತು, ಆಯ್ತು" ಎಂದು ಇಸಿದುಕೊಂಡೆ. ಅವರ ಅಪ್ಪ ಏನು ಬರೆದಿದ್ದಾನು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಹಾಗೆಂದು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನನ್ನ ಕೈ ಹೇಳಿತು. ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗೆ, ನಿಮ್ಮ ಶೂಗಳ ಸಾಲಿನ ಪಕ್ಕದಲ್ಲಿಟ್ಟೆ. ನಮ್ಮ ಪಂಚಾಂಗ, ನಿಮ್ಮ ತಾತ ಓದುತ್ತಿದ್ದ ಹಳೆಯ ಪುಸ್ತಕಗಳು ದೇವರ ಗೂಡಿನ ಪಕ್ಕದಲ್ಲಿದ್ದವು. ಅಲ್ಲಿ ಜಾಗವೂ ಇತ್ತು.

ಅದೇ ವಾರ ಸುಡುಬಿಸಿಲು ಬಂತು. ಇಲ್ಲಿ ಬಿಸಿಲೆಂದರೆ ಬಂದ ನೆಂಟ, ಯಾವಾಗ ಎದ್ದು ಹೋಗುತ್ತಾನೋ ಹೇಳುವಂತಿಲ್ಲ. ಮನೆಯಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಸಬ್ಬಕ್ಕಿ ಬೇಯಿಸಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ, ನಿಂಬೆಹಣ್ಣು ಹಿಂಡಿ, ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ತಾತನ ಪಂಚೆ ಹಾಸಿದೆ. ಗಾಳಿಗೆ ಪಂಚೆ ಏಳತೊಡಗಿತು. ನಾಲ್ಕು ಮೂಲೆಗೆ ಭಾರ ಬೇಕು. ಊರಿನಲ್ಲಾದರೆ ಕಲ್ಲಿಗೇನು ಬರ? ಇಲ್ಲಿ ಹಿತ್ತಲೆಲ್ಲ ಹುಡುಕಿದರೂ ಒಂದು ಬಿಡಿ ಕಲ್ಲಿಲ್ಲ. ಒಳಗೆ ಬಂದೆ. ದೇವರ ಗೂಡಿನ ಪಕ್ಕದ ದಪ್ಪ ಪುಸ್ತಕಗಳ ಮೇಲೆ ಕಣ್ಣು ಹೋಯಿತು. ಕೈ ನೀಡಿದೆ. ಛೆ, ಪುಸ್ತಕ, ನೆಲದ ಮೇಲೆ ಇಡುವುದೆ ಎಂದು ಕೈ ಹಿಂದಕ್ಕೆ ಬಂತು.

ಅದೇ ಕೈ ಮೆಟ್ಟಿಲ ಕೆಳಗಿನ ಪೆಟ್ಟಿಗೆಗೆ ಹೋಯಿತು.

ಮಕ್ಕಳೇ, ಈ ಜಾಗವನ್ನು ನಾನು ಎಷ್ಟೋ ಸಲ ತಿರುಗಿ ತಿರುಗಿ ನೋಡಿದ್ದೇನೆ. ಗಡಿಬಿಡಿಯಲ್ಲಿದ್ದೆ ಎಂದು ಹೇಳಬಹುದು. ಆದರೆ ಇದು ಪುಸ್ತಕ, ಇದು ಅಲ್ಲ ಎಂದು ಆರಿಸುವಷ್ಟು ಪುರಸೊತ್ತು ನನಗಿತ್ತು. ಪೆಟ್ಟಿಗೆಯಲ್ಲಿ ದಪ್ಪ ರಟ್ಟಿನ ನಾಲ್ಕು ನೋಟ್‌ಬುಕ್ಕುಗಳಿದ್ದವು. ಒಂದನ್ನು ತೆರೆದೂ ನೋಡಿದೆ. ನೀಲಿ ಶಾಯಿ, ಬಲದಿಂದ ಎಡಕ್ಕೆ ಹರಿಯುವಂಥ ಬರಹ. ನನಗೆ ಓದಲು ಬಾರದ್ದು. ಏನೋ ಗೀಚಿದ್ದಾರೆ ಎನಿಸಿತು. ಎತ್ತಿ ನೋಡಿದೆ, ಒಳ್ಳೆಯ ತೂಕವಿತ್ತು. ಮೂಲೆಗೊಂದರಂತೆ ಇಟ್ಟು, ಹಿಟ್ಟು ಮೆತ್ತಿದ ಕೈಯಲ್ಲೇ ಸರಿಮಾಡಿ, ಸಾಲಾಗಿ ಸಂಡಿಗೆ ಬಿಟ್ಟೆ. ನೋಡಲು ಬಹಳ ಚೆನ್ನಾಗಿತ್ತು.

ಮಧ್ಯಾಹ್ನ ಮಂಪರು ಹತ್ತಿತ್ತು. ಎಚ್ಚರವಾಗುವಾಗ ದಪ್ಪ ಹನಿ. ಓಡಿದೆ. ಈ ಮಂಡಿಯಲ್ಲಿ ಹಾಗೆ ಓಡಬಹುದೆಂದು ನನಗೇ ಗೊತ್ತಿರಲಿಲ್ಲ. ಪಂಚೆ ಎತ್ತಬೇಕಲ್ಲ, ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಪಕ್ಕಕ್ಕೆ ತಳ್ಳಿದೆ. ಒಂದು ಆಗಲೇ ನೆಂದು ಅದರ ಶಾಯಿ ಪಂಚೆಗೆ ಹತ್ತಿತ್ತು. ಸಂಡಿಗೆಗೆ ತಾಗಿಲ್ಲವಲ್ಲ ಎಂದು ಸಮಾಧಾನಪಟ್ಟೆ. ಪಂಚೆಯನ್ನು ನಾಲ್ಕು ಮೂಲೆ ಹಿಡಿದು ಒಳಗೆ ತಂದು ಊಟದ ಮೇಜಿನ ಮೇಲೆ ಹಾಸಿ, ಫ್ಯಾನ್ ಹಾಕಿ, ಕಾಫಿ ಮಾಡಿಕೊಂಡು ಕುಡಿದೆ. ಹೊರಗೆ ಮಳೆ ಸುರಿಯುತ್ತಿತ್ತು.

ಸಂಜೆ ಸುಧಾ ಆಸ್ಪತ್ರೆ ಕೆಲಸ ಮುಗಿಸಿ ಬಂದು ಹಿತ್ತಲ ಬಾಗಿಲು ತೆಗೆದಳು. "ಅಮ್ಮಾ, ಅದೇನು ಅಲ್ಲಿ ಬಿದ್ದಿರೋದು?"

ಮೂರು ನೋಟ್‌ಬುಕ್ಕುಗಳ ರಟ್ಟು ಮಾತ್ರ ನೆಂದಿತ್ತು, ಒಳಗೆ ಅಂಚು ತೇವವಾಗಿತ್ತು. ನಾಲ್ಕನೆಯದು ಬಾಯಿ ತೆರೆದು ಬಿದ್ದು ಕುಡಿದಷ್ಟು ನೀರು ಕುಡಿದಿತ್ತು. ನಾನು ಅದನ್ನು ಒಳಗೆ ತಂದು, ಅಂಟಿದ ಹಾಳೆಗಳನ್ನು ಸಂಡಿಗೆ ಬಿಡಿಸುವ ಹಾಗೆ ಬೆರಳ ತುದಿಯಿಂದ ಬಿಡಿಸಲು ಹೋದೆ. ಎರಡು ಹಾಳೆ ಕೈಗೇ ಬಂದವು. ಅಷ್ಟಕ್ಕೆ ನಿಲ್ಲಿಸಿದೆ.

"ಈಗಲೇ ಹೋಗಿ ಹೇಳಮ್ಮ."

"ನಾಳೆ ಹೇಳ್ತೀನಿ."

"ನಾನು ಹೇಳಲಾ?"

"ಬೇಡ ಕಣೆ, ನನ್ನ ಮರ್ಯಾದೆ ತೆಗೀಬೇಡ. ನಾನೇ ಹೇಳ್ತೀನಿ."

ನಾಳೆ ಎಂಬುದು ಬರಲಿಲ್ಲ. ನೋಟ್‌ಬುಕ್ಕುಗಳನ್ನು ನೆರಳಿನಲ್ಲಿ ಒಣಗಿಸಿ, ನೆಂದದ್ದನ್ನು ಅಡಿಗೆ ಹಾಕಿ, ಪೆಟ್ಟಿಗೆಗೆ ದಾರ ಕಟ್ಟಿ, ಎರಡು ವಾರ ತುಂಬಿದ ದಿನ ಕೊಟ್ಟು ಬಂದೆ. ಅವರು ಬಿಚ್ಚಿ ನೋಡಲೂ ಇಲ್ಲ. "ನಿನ್ನ ಋಣ ದೊಡ್ಡದು ದಾದಾ" ಎಂದು ನನ್ನ ಕೈ ಹಿಡಿದುಕೊಂಡರು.

ಇದಾಗಿ ಕೆಲವು ದಿನಕ್ಕೆ ಬೇಲಿಯ ಬಳಿ ಕರೆದರು. ನಗರದ ಒಂದು ಗ್ರಂಥಾಲಯದವರು ಅಪ್ಪನ ಪುಸ್ತಕ ನೋಡಲು ಬರುತ್ತಾರಂತೆ. ಆಫ್ರಿಕಾದವರು ಬರೆದಿಟ್ಟ ಹಳೆಯ ಬರಹಗಳನ್ನು ಹುಡುಕಿ ಕಾಪಾಡುವುದೇ ಅವರ ಕೆಲಸವಂತೆ. "ನನಗೆ ಎದೆ ಹೊಡೆದುಕೊಳ್ಳುತ್ತೆ. ನೀನು ಬಂದು ಪಕ್ಕದಲ್ಲಿ ಕೂತುಕೋ" ಎಂದರು. ಇಲ್ಲವೆನ್ನಲು ನನಗೆ ಯಾವಾಗ ತಾನೇ ಬಂದಿದೆ? ಹೋಗಿ ಕೂತೆ.

ಬಂದದ್ದು ಗ್ರೇಸ್ ಎಂಬ ಹುಡುಗಿ, ನಿಮ್ಮಮ್ಮನಿಗಿಂತ ಚಿಕ್ಕವಳು. ಅವಳ ಹಿರಿಯರು ಘಾನಾದವರು. ಮೇಜಿನ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಕೈ ತೊಳೆದು ಒರೆಸಿಕೊಂಡು, ಮೊದಲ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಎತ್ತಿಟ್ಟಳು. ನಮ್ಮ ಮನೆಯಲ್ಲಿ ಪಂಚಾಂಗವನ್ನೂ ನಾವು ಹಾಗೆ ಎತ್ತುವುದಿಲ್ಲ. ಬೀ ಹಲೀಮಾ ಕನ್ನಡಕ ಏರಿಸಿಕೊಂಡು ಓದಿ ಓದಿ ಅರ್ಥ ಹೇಳತೊಡಗಿದರು. ಅವರ ಅಪ್ಪ ದ್ವೀಪದಲ್ಲಿ ಮಕ್ಕಳಿಗೆ ಓದು ಕಲಿಸುತ್ತಿದ್ದವರು. ಬಿಡುವಿದ್ದಾಗಲೆಲ್ಲ ಮನೆಮನೆಗೆ, ದೋಣಿದೋಣಿಗೆ ಹೋಗಿ ಹಿರಿಯರು ಹೇಳಿದ್ದನ್ನು ತಮ್ಮ ಸ್ವಾಹಿಲಿ ಮಾತಿನಲ್ಲಿ, ಅರಬ್ಬೀ ಅಕ್ಷರದಲ್ಲಿ ಬರೆದುಕೊಂಡಿದ್ದರು. ಯಾವ ನಕ್ಷತ್ರ ಎಲ್ಲಿದ್ದಾಗ ಯಾವ ಗಾಳಿ ತಿರುಗುತ್ತದೆ, ಬಾಣಂತಿಗೆ ಯಾವ ಬೇರು, ಜಗಳ ಬಂದಾಗ ಊರ ಹಿರಿಯರು ಹೇಗೆ ತೀರ್ಮಾನ ಮಾಡುತ್ತಿದ್ದರು, ಎಲ್ಲವೂ ಇತ್ತು. ಪ್ರತಿಯೊಂದರ ಅಂಚಿನಲ್ಲೂ ಒಂದು ಹೆಸರು.

"ಇದೇನು?" ಎಂದಳು ಗ್ರೇಸ್.

"ಹೇಳಿದವರ ಹೆಸರು. ಹೆಸರು ಕೇಳದೆ ನಮ್ಮಪ್ಪ ಒಂದು ಮಾತೂ ಬರೆದವನಲ್ಲ."

ಗ್ರೇಸಳ ಕಣ್ಣು ತುಂಬಿತ್ತು. ಇಂಥವು ಈ ಊರಿನಲ್ಲಿ ಎಷ್ಟೋ ಮನೆಯ ಅಟ್ಟದಲ್ಲಿ, ಮಂಚದ ಕೆಳಗೆ ಇವೆ, ಹಿರಿಯರು ಹೋದ ಮೇಲೆ ಓದಲು ಬಾರದ ಮಕ್ಕಳು ಎಸೆದುಬಿಡುತ್ತಾರೆ ಎಂದಳು. ನಾನು ನನ್ನ ಸೀರೆಯ ಅಂಚು ನೋಡುತ್ತಿದ್ದೆ. ಮೂರು ಮುಗಿದವು. ನಾಲ್ಕನೆಯದನ್ನು ತೆಗೆದಳು.

ಹಾಳೆಗಳು ಒಂದಕ್ಕೊಂದು ಹತ್ತಿ ಹಲಗೆಯಾಗಿದ್ದವು. ಬೀ ಹಲೀಮಾ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು. ಹಿಂದಿನ ರಟ್ಟಿನ ಮೇಲೆ, ನಾನು ಒರೆಸದೆ ಬಿಟ್ಟ ಜಾಗದಲ್ಲಿ, ಕಾಸಗಲದ ಸಂಡಿಗೆಯ ಚೂರು ಒಣಗಿ ಅಂಟಿತ್ತು.

"ಇದು ಹೇಗೆ ಒದ್ದೆಯಾಯಿತು?" ಗ್ರೇಸ್ ಕೇಳಿದಳು.

ಬೀ ಹಲೀಮಾ ಉಗುರಿನಿಂದ ಆ ಚೂರನ್ನು ಎಬ್ಬಿಸಿ ಅಂಗೈಯಲ್ಲಿ ಮುಚ್ಚಿಕೊಂಡರು. ನನ್ನ ಕಡೆ ನೋಡಲಿಲ್ಲ. "ಚಾವಣಿ ಕೆಲಸ ನಡೀತಿತ್ತಲ್ಲ. ಸೋರಿರಬೇಕು" ಎಂದರು.

ಗ್ರೇಸ್ ಬರೆದುಕೊಂಡಳು. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆಯಲಿಲ್ಲ. ಆಮೇಲೆ ಗ್ರೇಸ್ ಇನ್ನೊಂದು ಮಾತು ಹೇಳಿದಳು: ನೆಂದ ದಿನವೇ ತಿಳಿಸಿದ್ದರೆ ಅದನ್ನು ಹಾಗೆಯೇ ಫ್ರೀಜರಿನಲ್ಲಿಟ್ಟು, ಮೆಲ್ಲಗೆ ಒಣಗಿಸಿ, ಬಹಳಷ್ಟು ಹಾಳೆ ಉಳಿಸಿಕೊಳ್ಳಬಹುದಿತ್ತಂತೆ. ಒಣಗಿ ಹತ್ತಿದ ಮೇಲೆ ಕಷ್ಟ. ಅಂದರೆ ಮಳೆ ಹಾಳುಮಾಡಿದ್ದಕ್ಕಿಂತ ಹೆಚ್ಚನ್ನು ನನ್ನ ನಾಚಿಕೆ ಹಾಳುಮಾಡಿತ್ತು. ಇದನ್ನೇ ನಾನು ಹುಟ್ಟಿನಿಂದ ವಿನಯ ಎಂದುಕೊಂಡು ಬಂದಿದ್ದೆ.

ಎಂಟನೇ ದಿನ ಅವರ ಬಾಗಿಲು ತಟ್ಟಿದೆ. ಬರಿಗೈಯಲ್ಲಿ ಯಾರ ಮನೆಗೂ ಹೋದವಳಲ್ಲ, ಅವತ್ತು ಬರಿಗೈಯಲ್ಲೇ ಹೋದೆ.

"ಬೀ ಹಲೀಮಾ, ಅದು ಚಾವಣಿ ಅಲ್ಲ."

"ಗೊತ್ತು. ನನ್ನ ಚಾವಣಿಯಿಂದ ಜೀರಿಗೆ ಸೋರಲ್ಲ."

ನಗಿಸಲು ಹೇಳಿದ್ದಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಪಂಚೆ, ಗಾಳಿ, ಮೂಲೆ, ಮಳೆ, ಕಾಫಿ. ಅವರು ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ನಿನ್ನ ಮನೆಯಲ್ಲೂ ಪುಸ್ತಕ ಇತ್ತಲ್ಲ. ಅದನ್ನ ಯಾಕೆ ಇಡಲಿಲ್ಲ?"

"ಅದು... ಪುಸ್ತಕ ಅಂತ."

"ಮತ್ತೆ ಇದು?"

ನನ್ನ ಹತ್ತಿರ ಉತ್ತರ ಇತ್ತು, ಹೇಳುವಂತಿರಲಿಲ್ಲ. ಅವರಿಗೆ ಅದು ಮುಂಚೆಯೇ ಗೊತ್ತಿತ್ತು. "ನಲವತ್ತು ವರ್ಷ ಈ ಊರಿನಲ್ಲಿ ಬಿಳಿಯರು ನನ್ನನ್ನ ಹಾಗೆ ನೋಡಿದರು. ನೀನು ನನ್ನ ತರಾನೇ ಕಾಯಿ ತುರಿಯೋಳು ಅಂದುಕೊಂಡಿದ್ದೆ" ಎಂದರು. ನೆಂದ ಆ ನೋಟ್‌ಬುಕ್ಕಿನಲ್ಲಿ ಇದ್ದದ್ದು ಅವರ ಅಜ್ಜಿ ಕಟ್ಟಿದ ಪದಗಳಂತೆ, ಮದುವೆಯಾಗಿ ಹೋಗುವ ಹುಡುಗಿಯರಿಗೆ ಹೇಳುತ್ತಿದ್ದಂಥವು. ಬೀ ಹಲೀಮಾಗೆ ಬಾಯಿಗೆ ಬರುವುದು ನಾಲ್ಕೇ ಸಾಲು. "ಪುಸ್ತಕದಲ್ಲಿದೆಯಲ್ಲ ಅಂತ ನಾನು ಕಲಿಯಲೇ ಇಲ್ಲ" ಎಂದರು. ಆ ನಾಲ್ಕು ಸಾಲನ್ನು ಹೇಳಿಯೂ ತೋರಿಸಿದರು. ನನಗೆ ಅರ್ಥವಾಗಲಿಲ್ಲ, ಆದರೆ ಅದರ ಎಳೆತ ನಮ್ಮವ್ವ ರಾಗಿ ಬೀಸುವಾಗ ಹೇಳುತ್ತಿದ್ದ ಪದದ ಹಾಗಿತ್ತು. ಅದೂ ನನಗೆ ಪೂರ್ತಿ ಬಾರದು. ಅದನ್ನು ಬರೆದುಕೊಳ್ಳಲು ನಮ್ಮ ಮನೆಗೆ ಯಾವ ಮೇಷ್ಟರೂ ಬರಲಿಲ್ಲ.

ಕ್ಷಮಿಸಿ ಎಂದೆ. ಅವರು ಬಾಗಿಲವರೆಗೆ ಬಂದು, "ನಿನ್ನ ಮುಖ ನೋಡಿ ನಮ್ಮಪ್ಪನ ಪುಸ್ತಕದ ವಿಷಯದಲ್ಲಿ ನಾನು ಸುಳ್ಳು ಹೇಳಿದೆ. ಆ ಸುಳ್ಳು ಅಲ್ಲಿ ಬರೆದಿದೆ. ಹೋಗಿ ತೆಗೆಸು. ನಮ್ಮಪ್ಪ ಹೆಸರಿಲ್ಲದ ಮಾತು ಬರೆದವನಲ್ಲ. ಈ ನೀರಿಗೂ ಒಂದು ಹೆಸರಿರಲಿ" ಎಂದರು.

ಆ ಹೊತ್ತಿಗೆ ಪೆಟ್ಟಿಗೆ ಗ್ರಂಥಾಲಯ ಸೇರಿತ್ತು; ಸುಧಾ ರಜೆ ಹಾಕಿ ಅಲ್ಲಿಗೆ ಜೊತೆಗೆ ಬಂದಳು. ಎಲಿಜಬೆತ್ ಲೈನ್ ರೈಲಿನಲ್ಲಿ ಕೂತು ಹೇಳಬೇಕಾದ ಇಂಗ್ಲಿಷನ್ನು ಬಾಯಿಪಾಠ ಮಾಡಿಕೊಂಡೆ. ಅಲ್ಲಿ ತಲುಪುವಷ್ಟರಲ್ಲಿ ಅದೂ ಮರೆತಿತ್ತು. ಗ್ರೇಸ್ ಎದುರು ಕನ್ನಡದಲ್ಲೇ ಹೇಳಿದೆ, ಸುಧಾ ತಿರುಗಿಸಿದಳು. "ನನ್ನ ಅಮ್ಮನಿಗೆ ಗೊತ್ತಾಗಲಿಲ್ಲ" ಎಂದು ಅವಳು ಸೇರಿಸುತ್ತಿದ್ದಾಳೆಂದು ಅನುಮಾನ ಬಂದು, "ಇದ್ದದ್ದು ಇದ್ದ ಹಾಗೆ ಹೇಳೇ" ಎಂದು ಗದರಿದೆ. ಗ್ರೇಸ್ ಸಿಟ್ಟಾಗಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಪ್ರತಿಯೊಂದು ಬರಹದ ಜೊತೆಗೂ ಅದು ಯಾರಿಂದ ಬಂತು, ಯಾವ ಸ್ಥಿತಿಯಲ್ಲಿದೆ ಎಂದು ಬರೆದಿಡುವ ಹಾಳೆಯೊಂದಿರುತ್ತದೆ. ಅದರಲ್ಲಿ ಚಾವಣಿ ಸೋರಿದ ಮಾತಿನ ಮೇಲೆ ಗೆರೆ ಎಳೆದು ಕೆಳಗೆ ಬರೆದಳು: ಪಕ್ಕದ ಮನೆಯವರ ಸುಪರ್ದಿಯಲ್ಲಿದ್ದಾಗ ಹಿತ್ತಲಿನಲ್ಲಿ ಬಟ್ಟೆಗೆ ಭಾರವಾಗಿ ಇಡಲ್ಪಟ್ಟು ಮಳೆಗೆ ಸಿಕ್ಕಿತು; ಬರಹವಿದ್ದ ಹನ್ನೊಂದು ಹಾಳೆಯೂ ಓದಲಾಗದು. ಇದನ್ನು ಅವರೇ ಬಂದು ತಿಳಿಸಿದರು.

"ಹೆಸರು ಬೇಕಾಗಿಲ್ಲ" ಎಂದಳು.

"ಬೇಕು" ಎಂದೆ. ಅದೊಂದು ಮಾತನ್ನು ಮಾತ್ರ ಸುಧಾ ತಿರುಗಿಸಬೇಕಾಗಲಿಲ್ಲ. ಪೆನ್ನು ಇಸಿದುಕೊಂಡು, ನನಗೆ ನೆಟ್ಟಗೆ ಬರುವ ಅಕ್ಷರದಲ್ಲಿ, ಕನ್ನಡದಲ್ಲಿ, ನನ್ನ ಹೆಸರು ಬರೆದೆ. ನೀವು ದೊಡ್ಡವರಾದ ಮೇಲೆ ಅಲ್ಲಿಗೆ ಹೋಗಿ ಕೇಳಿದರೆ ಆ ಪೆಟ್ಟಿಗೆ ತಂದು ತೋರಿಸುತ್ತಾರೆ. ಈ ಲಂಡನ್ನಿನ ಒಂದು ಗ್ರಂಥಾಲಯದಲ್ಲಿ ನಿಮ್ಮ ಅಜ್ಜಿಯ ಹೆಸರಿದೆ. ಯಾರ ಎದುರೂ ಜಂಬ ಕೊಚ್ಚಬೇಡಿ.

ಬೀ ಹಲೀಮಾ ಆ ಚಳಿಗಾಲವೆಲ್ಲ ನನ್ನೊಡನೆ ಮಾತಾಡಲಿಲ್ಲ. ನಿಮಗೆ ಮಂಡಾಜಿ ಮಾತ್ರ ಬರುತ್ತಿತ್ತು. ಬೇಲಿಯ ಆಚೆ ಕಾಯಿ ತುರಿಯುವ ಸದ್ದು ಕೇಳಿದಾಗಲೆಲ್ಲ ನಾನು ಒಳಗೆ ಹೋಗಿಬಿಡುತ್ತಿದ್ದೆ. ಮುಂದಿನ ಯುಗಾದಿಯ ಹೊತ್ತಿಗೆ "ದಾದಾ, ಕರಿಬೇವು ಇದೆಯಾ?" ಎಂದು ಕೇಳಿದರು. ಮೊದಲಿನಂತೆಯೇ ಆಗಿದೆ ಎಂದು ಹೇಳಲಾರೆ. ಏನನ್ನಾದರೂ ಕಾಪಾಡಿಕೊಡು ಎಂದು ನನ್ನ ಕೈಗೆ ಅವರು ಮತ್ತೆ ಕೊಟ್ಟಿಲ್ಲ. ನಾನೂ ಕೇಳಿಲ್ಲ.

ಇಷ್ಟು ಬರೆದು, ಇವತ್ತು ಬೆಳಿಗ್ಗೆ ಸಬ್ಬಕ್ಕಿ ನೆನೆಹಾಕಿ ಬೇಯಿಸಿದೆ. ಪಂಚೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಹಾಸಿದೆ. ನೀಲಿ ಮೂಲೆ ಬೇಲಿಯ ಕಡೆಗೆ ಬಂತು. ಬೀ ಹಲೀಮಾ ಆಚೆಯಿಂದ ನೋಡುತ್ತಿದ್ದರು. ನೋಡಲಿ ಎಂದೇ ಮುಚ್ಚಲಿಲ್ಲ.

"ಮೂಲೆಗೆ ಏನಿಡ್ತೀಯಾ?" ಎಂದರು.

ನಾನು ಪಂಚೆಯ ಸುಕ್ಕು ಬಿಡಿಸಿದೆ.

"ನಾನೇ ಬಂದು ಒಂದು ಮೂಲೆ ಮೇಲೆ ಕೂತುಕೊಳ್ಳಲಾ? ತೂಕ ಚೆನ್ನಾಗಿದೆ." ಬೇಲಿಗೆ ಮೊಳಕೈ ಊರಿ, "ಆದರೆ ಮಳೆ ಬಂದರೆ ಮೊದಲು ಯಾರನ್ನ ಒಳಗೆ ಕರೀತೀಯಾ, ದಾದಾ? ನನ್ನನ್ನೋ, ಸಂಡಿಗೆಯನ್ನೋ?" ಎಂದರು.

ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಬೇಲಿಯ ಸಣ್ಣ ಗೇಟಿನ ಚಿಲಕ ತೆಗೆದೆ. ಈಗ ಅವರು ತಮ್ಮ ತುರಿಮಣೆ ತಂದು ನೀಲಿ ಮೂಲೆಯ ಮೇಲೆ ಹಾಕಿಕೊಂಡು ಕೂತು ಕಾಯಿ ತುರಿಯುತ್ತಿದ್ದಾರೆ. ಉಳಿದ ಮೂರು ಮೂಲೆಗೆ ನನ್ನ ಹಿತ್ತಾಳೆ ಕೊಳದಪ್ಪಲೆ, ಒರಳು, ಕುಕ್ಕರು. ನಾನು ಬಾಗಿಲಲ್ಲಿ ಕೂತು ಈ ಕೊನೆಯ ಸಾಲು ಬರೆಯುತ್ತಿದ್ದೇನೆ, ನಡುನಡುವೆ ಆಕಾಶ ನೋಡುತ್ತಿದ್ದೇನೆ.